ಜೋವಾ ಹವಳ ಬಾಯಿ ತೆರೀವಲ್ಲವು, ಲೆದರ್ ಹವಳದ ಮ್ಯಾಲೆ ಮೇಣದಂಥ ಪೊರೆ: ರೋಗಾನೋ, ನೀರಿನ ದೋಷಾನೋ?

ಕಲಬುರಗಿಯಿಂದ:
ನಮಸ್ಕಾರ್ರಿ ಎಲ್ಲರಿಗೂ. ನಂದು ಸಮುದ್ರದ ಉಪ್ಪುನೀರಿನ 160 ಲೀಟರಿನ ಟ್ಯಾಂಕ್, ಒಂದೂವರೆ ವರ್ಷ ಆತು. ಬರೇ ಮೆತ್ತನ ಹವಳ ಅವ: ಎರಡು ಕಲ್ಲಿನ ತುಂಬ ಜೋವಾ, ಒಂದು ಲೆದರ್, ಆರು ಮಶ್ರೂಮ್. ಮದುವಿ ಇತ್ತಂತ ಎಂಟು ದಿನ ಸೇಡಂಗೆ ಹೋಗಿದ್ದೆ. ತಿರುಗಿ ಬಂದು ನೋಡಿದ್ರ ಜೋವಾ ಎಲ್ಲಾ ಮುಚ್ಚಿಕೊಂಡು ಕಡ್ಲಿಕಾಳಿನಂಗ ಕುಂತಾವ. ಲೆದರ್ ಮ್ಯಾಲೆ ಮೇಣ ಸವರಿದಂಥ ಹೊಳಪಿನ ಪೊರೆ. ಮಶ್ರೂಮ್ ಬಣ್ಣ ಬಿಟ್ಟಾವ. ಮೀನು ಎರಡೂ ಆರಾಮ. ನೀರು ಮುಂಜಾನೆ 27 ಡಿಗ್ರಿ, ಮಧ್ಯಾಹ್ನ 29.5. ಉಪ್ಪು ಅಳಿಯೋ ಮುಳ್ಳಿನ ಹೈಡ್ರೋಮೀಟರಿನಾಗ ಸಾಲಿನಿಟಿ 1.025, ನೈಟ್ರೇಟ್ 10. ಅಯೋಡಿನ್ ತರಿಸೀನಿ, ಇವತ್ತ ರಾತ್ರಿ ಎಲ್ಲಾ ಹೊರಗ ತೆಗೆದು ಅದ್ದಲೇನ್ರಿ? ಭಾಳ ಸಂಕಟ ಆಗ್ಯದ.

ಬೀದರಿನಿಂದ:
ಅದ್ದಬ್ಯಾಡ್ರಿ. ಮೂರೂ ಜಾತಿ ಒಮ್ಮೆಲೆ ಮುನಿಸಿಕೊಂಡಾವಂದ್ರ ಮೊದಲು ನೀರಿನ ಮ್ಯಾಲೆ ಅನುಮಾನ ಪಡಬೇಕು. ಕೀಟ ಇದ್ದಿದ್ರ ಜೋವಾ ಅಷ್ಟೇ ಮುಚ್ಚತಿತ್ತು. ಆದ್ರೂ ದೀಪ ಆರಿಸಿ ಒಂದು ತಾಸು ಬಿಟ್ಟು ಬ್ಯಾಟರಿ ಹಿಡಿದು ಜೋವಾದ ಬುಡ ನೋಡ್ರಿ, ಸಣ್ಣ ಹುಳ ಇಲ್ಲಾ ಸುರುಳಿಯಂಥ ತತ್ತಿ ಕಂಡ್ರ ಹೇಳ್ರಿ.

ಎರಡು ಮಾತು ಕೇಳ್ತೀನಿ. ನೀವಿಲ್ಲದಾಗ ಆವಿಯಾಗಿ ಆರಿ ಹೋದ ನೀರಿನ ಜಾಗಕ್ಕ ನೀರು ಯಾರು ತುಂಬಿದ್ರು, ಯಾವ ನೀರು ತುಂಬಿದ್ರು? ಹೈಡ್ರೋಮೀಟರಿನ ಮುಳ್ಳು ಬೆಳಕಿಗೆ ಹಿಡಿದು ನೋಡ್ರಿ, ಬಿಳಿ ಸುಣ್ಣ ಕಟ್ಟ್ಯದೇನು?

ಕಲಬುರಗಿಯಿಂದ:
ಅಕ್ಕಾರ, ಹುಳ ಏನೂ ಇಲ್ಲ. ಮುಳ್ಳಿನ ತುದಿಗೆ ಅಕ್ಕಿನುಚ್ಚಿನಷ್ಟು ಬಿಳಿ ಕಟ್ಟಿತ್ತು, ಉಗುರಿಗೆ ಚೂರು ಬಂತು. ನೀರು ತುಂಬಿದವ ನನ್ನ ತಮ್ಮ. ನೀರು ಬದಲಿ ಮಾಡ್ಲಿಕ್ಕೆ ಕಲಸಿಟ್ಟ ಉಪ್ಪುನೀರೇ ದಿನಾ ಮೂರು ಲೀಟರ್ ಹಾಕ್ಯಾನ. ಬೆಳಕಿನಿಂದ ಉಪ್ಪು ಅಳಿಯೋ ಗೆಳೆಯನ ರಿಫ್ರ್ಯಾಕ್ಟೋಮೀಟರ್ ತಂದು ನೋಡಿದೆ: 1.030!

ಬೀದರಿನಿಂದ:
ಸಿಕ್ತು ನೋಡ್ರಿ. ಆರಿ ಹೋಗೋದು ನೀರಷ್ಟೇ, ಉಪ್ಪು ಅಲ್ಲೇ ಉಳೀತದ. ದಿನಾ ಮೂರು ಲೀಟರಿನಂಗ ಎಂಟು ದಿನಕ್ಕ 24 ಲೀಟರ್, ಲೀಟರಿಗೆ ಸುಮಾರು 35 ಗ್ರಾಂ ಹಿಡಿದ್ರ 840 ಗ್ರಾಂ ಉಪ್ಪು ಹೆಚ್ಚಿಗಿ ಬಿತ್ತು. 160 ಲೀಟರಿನಾಗ ಅದು ಸುಮಾರು ಐದು ಪಿಪಿಟಿ, ಅಂದ್ರ ಸಾವಿರಕ್ಕ ಐದು ಪಾಲು. 35 ಇದ್ದದ್ದು 40 ಆಗ್ಯದ, ಅದೇ ನಿಮ್ಮ 1.030. ಸುಣ್ಣದ ಭಾರಕ್ಕ ಮುಳ್ಳು ಕೆಳಗ ಜಗ್ಗಿ ಕಡಿಮಿ ತೋರಿಸ್ಯದ. ತಮ್ಮನ್ನ ಬೈಬ್ಯಾಡ್ರಿ, ಸಮುದ್ರದ ಟ್ಯಾಂಕಿಗೆ ಸಪ್ಪ ನೀರು ಹಾಕಬೇಕಂತ ಯಾರಿಗೂ ತಾನಾಗಿ ಹೊಳೆಯೂದಿಲ್ಲ.

ಈಗ ಅವಸರ ಮಾಡಬ್ಯಾಡ್ರಿ. ದಿನಾ 4 ಲೀಟರ್ ಟ್ಯಾಂಕಿನ ನೀರು ತೆಗೆದು ಅಷ್ಟೇ ಆರ್‌ಒ ನೀರು ಹಾಕ್ರಿ, ಐದು ದಿನ. ಒಂದೇ ದಿನಕ್ಕ ಇಳಿಸಿದ್ರ ಉಳಿದ ಹವಳಾನೂ ತಡೆಯೂದಿಲ್ಲ. ಆರಿದ್ದಕ್ಕ ಬ್ಯಾರೆ ಸಪ್ಪ ಆರ್‌ಒ ಹಾಕ್ರಿ, ಗಾಜಿನ ಮ್ಯಾಲೆ ಗೆರಿ ಹೊಡೆದು ಅಲ್ಲಿ ತನಕ.

ಬಿಸಿಲಿಗೆ ನೀರಿನ ಮ್ಯಾಲೆ ಸಣ್ಣ ಫ್ಯಾನ್ ತಿರುಗಿಸ್ರಿ. ನಮ್ಮ ಕಡಿ ಗಾಳಿ ಒಣ, ಡೆಸರ್ಟ್ ಕೂಲರ್ ನಡೆದಂಗೇ ಇದೂ ನಡೀತದ, ಎರಡು ಮೂರು ಡಿಗ್ರಿ ಇಳೀತದ. ಆದ್ರ ನೀರು ಇನ್ನೂ ಬ್ಯಾಗ ಆರ್ತದ, ಗೆರಿ ಮರೀಬ್ಯಾಡ್ರಿ.

ಲೆದರಿನ ಪೊರೆ ಕೈಯಿಂದ ಸುಲೀಬ್ಯಾಡ್ರಿ. ಅದು ಹಳೀ ಪೊರೆ ಕಳಚೋ ಕಾಲ, ನೀರಿನ ಸೆಳವು ಸ್ವಲ್ಪ ಅತ್ತ ತಿರುಗಿಸ್ರಿ, ತಾನೇ ಉದುರ್ತದ. ಕರ್ರಗಾಗಿ ಮೆತ್ತಗಾಗಿ ನಾರಿದ್ರ ಮಾತ್ರ ಆ ಭಾಗ ಕತ್ತರಿಸಬೇಕು. ಮಶ್ರೂಮ್ ಬೆಳ್ಳಗಾದ್ರ ಸತ್ತಂಗಲ್ಲ, ಒಳಗಿನ ಪಾಚಿ ಹೊರಗ ಹಾಕ್ಯಾವ ಅಷ್ಟೇ. ಬೆಳಕು ಕಡಿಮಿ ಇರೋ ಕಡಿ ಇಡ್ರಿ.

ಯಾದಗಿರಿಯಿಂದ:
ನಡುವೆ ಒಂದು ಕೇಳ್ತೀನ್ರಿ. ನಮ್ಮ ಮನಿ ಆರ್‌ಒ ಟಿಡಿಎಸ್ (ನೀರಿನಾಗ ಕರಗಿದ ಖನಿಜ) 60 ತೋರಸ್ತದ, ನಡೀತದೇನು? ಮತ್ತ ಟಾರ್ಚ್ ಹವಳ ಹಾಕೋ ಆಸೆ ಅದ.

ಬೀದರಿನಿಂದ:
ಕುಡಿಯೋ ಆರ್‌ಒದಾಗ ರುಚಿಗಂತ ಖನಿಜ ಕೂಡಸ್ತಾರ. ಆ ಭಾಗಕ್ಕ ಹೋಗೂ ಮೊದಲೇ ನೀರು ಹಿಡಿದು, ಉಳಿದ ಖನಿಜ ಹಿಡಿಯೋ ಡಿಐ ರೆಸಿನ್ ದಾಟಿಸ್ರಿ, ಸೊನ್ನೆ ಹತ್ರ ಬರಬೇಕು. ಟಾರ್ಚ್ ಬ್ಯಾಡ್ರಿ, ಅದು ಕಲ್ಲುಹವಳ. ಕಲ್ಲುಹವಳ ಎಲ್ಲಾ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಾಗ ಅವ, ಹುಲಿ ಇರೋ ಪಟ್ಟಿ ಅದು. ಯಾರರ ಮಾರ್ತೀನಂದ್ರೂ ಕೊಳ್ಳಬ್ಯಾಡ್ರಿ.

ಕಲಬುರಗಿಯಿಂದ, ಆರನೇ ದಿನ:
1.026ಕ್ಕ ಬಂತ್ರಿ ಅಕ್ಕಾರ. ಮಧ್ಯಾಹ್ನ 27. ಇವತ್ತ ಮುಂಜಾನೆ ಒಂದು ಕಲ್ಲಿನ ಜೋವಾ ಅರ್ಧ ತೆರೆದಾವ, ಕೇಸರಿ ಅಂಚು ಕಂಡ್ತು. ಲೆದರ್ ಪೊರೆ ಒಂದು ಕಡಿ ಹರಿದು ಜೋತಾಡ್ಲಿಕ್ಕತ್ತದ. ಒಂದು ಮಶ್ರೂಮ್ ಮಾತ್ರ ಕಲ್ಲು ಬಿಟ್ಟು ಪಂಪಿನ ಜಾಳಗಿಗೆ ಹೋಗಿ ಹತ್ತಿತ್ತು.

ಬೀದರಿನಿಂದ:
ಮೆಲ್ಲಗ ಬಿಡಿಸಿ ತಗೋರಿ. ಸಣ್ಣ ಬಟ್ಟಲಿನಾಗ ಕಲ್ಲಿನ ಚೂರು ಹಾಕಿ ಅದರ ಮ್ಯಾಲೆ ಕೂಡಿಸಿ, ಬಟ್ಟಲಿನ ಬಾಯಿಗೆ ಸೊಳ್ಳಿಪರದೆ ತುಂಡು ಕಟ್ಟಿ ಸೆಳವು ಕಡಿಮಿ ಇರೋ ಮೂಲ್ಯಾಗ ಇಡ್ರಿ. ಅಂಟಿಕೊಳ್ಳಾ ತನಕ ಮುಟ್ಟಬ್ಯಾಡ್ರಿ.