ಭೌತಶಾಸ್ತ್ರ ಓದಿದವರಿಗೆ ಖನಿಜ, ಶಿಲೆಗಳ ವಿಶ್ಲೇಷಣೆಯಲ್ಲಿ ಎಂಥ ವೃತ್ತಿಜೀವನವಿದೆ?

ಪ್ರಶ್ನೆ: ಸ್ಫಟಿಕಾಸಕ್ತ

ನಾನು ಭೌತಶಾಸ್ತ್ರದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದು, ಘನಸ್ಥಿತಿ ಭೌತಶಾಸ್ತ್ರವನ್ನು ವಿಶೇಷ ವಿಷಯವಾಗಿ ಆಯ್ದುಕೊಂಡಿದ್ದೇನೆ. ಭೂವಿಜ್ಞಾನವನ್ನು ಕ್ರಮವಾಗಿ ಓದಿಲ್ಲದವರಿಗೆ ಖನಿಜ, ಶಿಲೆಗಳನ್ನು ವಿಶ್ಲೇಷಿಸುವ ಕೆಲಸದಲ್ಲಿ ನಿಜವಾದ ಸ್ಥಾನವಿದೆಯೇ, ಅಥವಾ ಉಪಕರಣ ನೋಡಿಕೊಳ್ಳುವವರಾಗಿಯೇ ಉಳಿಯಬೇಕಾಗುತ್ತದೆಯೇ? ದಿನನಿತ್ಯದ ಕೆಲಸ ಹೇಗಿರುತ್ತದೆಂದು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ವಿವರ್ತನೆ

ಸ್ಥಾನ ಇದೆಯೇ ಎಂದು ಸಂಕೋಚಪಡಬೇಕಾದ ಕ್ಷೇತ್ರ ಇದಲ್ಲ. ಸ್ಫಟಿಕಗಳು ಕ್ಷ-ಕಿರಣಗಳನ್ನು ವಿವರ್ತಿಸುತ್ತವೆಂದು, ಅಂದರೆ ನಿರ್ದಿಷ್ಟ ದಿಕ್ಕುಗಳಿಗೆ ಚದುರಿಸುತ್ತವೆಂದು, 1912ರಲ್ಲಿ ತೋರಿಸಿಕೊಟ್ಟ ಮ್ಯಾಕ್ಸ್ ಫಾನ್ ಲಾವ ಅವರೂ, ಮರುವರ್ಷವೇ ಕಲ್ಲುಪ್ಪಿನ ಪರಮಾಣು ರಚನೆಯನ್ನು ಬಿಡಿಸಿದ ಬ್ರ್ಯಾಗ್ ತಂದೆ-ಮಗನೂ ಭೌತಶಾಸ್ತ್ರಜ್ಞರೇ.

ದಿನನಿತ್ಯದ ಕೆಲಸಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಶಿಲೆಯನ್ನು ಪುಡಿಮಾಡಿ ಕ್ಷ-ಕಿರಣ ವಿವರ್ತನ ಯಂತ್ರದಲ್ಲಿಟ್ಟರೆ ತಂತ್ರಾಂಶವೇ ಖನಿಜಗಳ ಹೆಸರನ್ನೂ ಪ್ರಮಾಣವನ್ನೂ ಪಟ್ಟಿಮಾಡಿ ಕೊಡುತ್ತದೆ. ಆದರೆ ಆ ಶಿಲೆಯಲ್ಲಿ ಅಭ್ರಕವಿದ್ದರೆ, ಅದರ ಚಪ್ಪಟೆ ಹಳಕುಗಳು ಪುಡಿಯನ್ನು ಒತ್ತುವಾಗ ಒಂದೇ ದಿಕ್ಕಿಗೆ ಮಲಗಿಬಿಡುತ್ತವೆ. ಆಗ ಯಂತ್ರ ಬರೆಯುವ ರೇಖೆಯಲ್ಲಿ ಕೆಲವೇ ಶೃಂಗಗಳು ವಿಪರೀತ ಎತ್ತರವಾಗಿ, ಅಭ್ರಕದ ಪ್ರಮಾಣ ಇರುವುದಕ್ಕಿಂತ ಹೆಚ್ಚೆಂದು ಕಾಣುತ್ತದೆ. ಪುಡಿಯನ್ನು ಪಕ್ಕದಿಂದ ತುಂಬಬೇಕೇ, ಇನ್ನೂ ನುಣ್ಣಗೆ ಅರೆಯಬೇಕೇ, ಲೆಕ್ಕದಲ್ಲೇ ತಿದ್ದುಪಡಿ ತರಬೇಕೇ ಎಂದು ನಿರ್ಧರಿಸುವವರು ಉಪಕರಣದ ಕಾವಲುಗಾರರಲ್ಲ, ಅಳತೆಯ ಅರ್ಥಕ್ಕೆ ಹೊಣೆಯಾದ ವಿಜ್ಞಾನಿ.

ಉತ್ತರ: ಇಲೆಕ್ಟ್ರಾನ್ ಕಿರಣ

ಮೇಲಿನ ಮಾತಿಗೆ ನನ್ನ ಸಹಮತವಿದೆ. ಇಲೆಕ್ಟ್ರಾನ್ ಕಿರಣ ತಾಗಿಸಿ, ಹೊಮ್ಮುವ ಕ್ಷ-ಕಿರಣಗಳಿಂದ ಧಾತುಗಳನ್ನು ಅಳೆಯುವ ಇಲೆಕ್ಟ್ರಾನ್ ಮೈಕ್ರೋಪ್ರೋಬ್‌ನಲ್ಲಿಯೂ ಇದೇ ಕಥೆ. ನಯಗೊಳಿಸಿ ಇಂಗಾಲ ಲೇಪಿಸಿದ ತೆಳುಛೇದದ (ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿದ ಶಿಲೆಯ ಹಾಳೆ) ಮೇಲೆ ಸುಮಾರು ಒಂದು ಮೈಕ್ರೋಮೀಟರ್ ಅಗಲದ ಕಿರಣವನ್ನು ಬಿಟ್ಟಾಗ, ಸೋಡಿಯಂ ಇರುವ ಫೆಲ್ಡ್‌ಸ್ಪಾರ್‌ನಲ್ಲಿ ನೋಡನೋಡುತ್ತಿದ್ದಂತೆಯೇ ಸೋಡಿಯಂ ಎಣಿಕೆ ಇಳಿಯತೊಡಗುತ್ತದೆ, ಏಕೆಂದರೆ ಕಿರಣ ಬಿದ್ದ ಜಾಗದಿಂದ ಅದರ ಅಯಾನುಗಳು ಸರಿದುಹೋಗುತ್ತವೆ. ಅದಕ್ಕಾಗಿ ಕಿರಣವನ್ನು ಅಗಲಗೊಳಿಸಿ, ಸೋಡಿಯಂ ಅನ್ನು ಮೊದಲು ಎಣಿಸುವುದು ರೂಢಿ.

ಇನ್ನೊಂದು ಸಂಗತಿ: ವಾಡಿಕೆಯ ಮೈಕ್ರೋಪ್ರೋಬ್ ವಿಶ್ಲೇಷಣೆ ಕಬ್ಬಿಣ ಎಷ್ಟಿದೆ ಎಂದು ಹೇಳೀತೇ ಹೊರತು, ಅದು ಎರಡು ಇಲೆಕ್ಟ್ರಾನ್ ಕಳೆದುಕೊಂಡ ಫೆರಸ್ ರೂಪದಲ್ಲಿದೆಯೋ ಮೂರು ಕಳೆದುಕೊಂಡ ಫೆರಿಕ್ ರೂಪದಲ್ಲಿದೆಯೋ ಎಂದು ಹೇಳಲಾರದು. ಆ ಪ್ರಶ್ನೆಗೆ ಪರಮಾಣುವಿನ ಬೀಜಕೇಂದ್ರ ಗಾಮಾ ಕಿರಣಗಳನ್ನು ಹೀರುವುದನ್ನು ಬಳಸುವ ಮಾಸ್‌ಬೌರ್ ರೋಹಿತ ಉತ್ತರಿಸುತ್ತದೆ. ನಾಸಾದ ಆಪರ್ಚುನಿಟಿ ರೋವರ್ 2004ರಲ್ಲಿ ಮಂಗಳದ ಶಿಲೆಯಲ್ಲಿ ಜಾರೊಸೈಟ್ ಗುರುತಿಸಿದ್ದು ಇದೇ ವಿಧಾನದಿಂದ. ರಚನೆಯಲ್ಲೇ ಹೈಡ್ರಾಕ್ಸಿಲ್ (ಆಮ್ಲಜನಕ-ಜಲಜನಕದ ಜೋಡಿ) ಹೊಂದಿರುವ ಆ ಖನಿಜ, ಅಲ್ಲಿ ಹಿಂದೆ ನೀರಿತ್ತೆಂಬುದಕ್ಕೆ ಬಲವಾದ ಸಾಕ್ಷಿಯಾಯಿತು.

ಉತ್ತರ: ಜಿರ್ಕಾನ್

ಹಿಂದಿನ ಇಬ್ಬರೂ ಭೌತಶಾಸ್ತ್ರದ ಕಡೆಗೆ ತುಸು ಹೆಚ್ಚೇ ವಾಲಿದ್ದಾರೆ ಎನ್ನಿಸುತ್ತದೆ. ಶಿಲೆಗಳ ವಯಸ್ಸು ಅಳೆಯುವ ಕೆಲಸವನ್ನು ನೋಡಿ. ಯುರೇನಿಯಂ ಅಡಗಿರುವ ಜಿರ್ಕಾನ್ ಎಂಬ ಖನಿಜದ ಒಂದೇ ಹರಳಿನಲ್ಲಿ ಯುರೇನಿಯಂ-238 ಸೀಸ-206 ಆಗಿ, ಯುರೇನಿಯಂ-235 ಸೀಸ-207 ಆಗಿ ಕ್ಷಯಿಸುತ್ತವೆ. ಮೊದಲನೆಯದರ ಅರ್ಧಾಯುಷ್ಯ ಸುಮಾರು 447 ಕೋಟಿ ವರ್ಷ, ಎರಡನೆಯದರದ್ದು ಸುಮಾರು 70 ಕೋಟಿ. ಈ ಎರಡು ಕ್ಷಯಗಳಿಂದ ಲೆಕ್ಕಹಾಕಿದ ವಯಸ್ಸುಗಳು ತಾಳೆಯಾಗದಿದ್ದರೆ ಹರಳು ನಡುವೆ ಸೀಸ ಕಳೆದುಕೊಂಡಿರಬಹುದು, ಅಥವಾ ಹಳೆಯ ತಿರುಳಿನ ಮೇಲೆ ಹೊಸ ಅಂಚು ಬೆಳೆದು ಅಳತೆಯಲ್ಲಿ ಎರಡೂ ಬೆರೆತಿರಬಹುದು. ಇವುಗಳಲ್ಲಿ ಯಾವುದು ಎಂಬುದನ್ನು ಪರಮಾಣುಗಳನ್ನು ದ್ರವ್ಯರಾಶಿಯ ಪ್ರಕಾರ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಒಂದೇ ತೀರ್ಮಾನಿಸಲಾರದು. ಹರಳಿನ ವಲಯಗಳ ಚಿತ್ರವೂ, ಶಿಲೆ ಯಾವ ಸನ್ನಿವೇಶದಲ್ಲಿ ಸಿಕ್ಕಿತೆಂಬ ಅರಿವೂ ಬೇಕು. ಭೂವಿಜ್ಞಾನ ಕಲಿಯಲು ಮನಸ್ಸಿಲ್ಲದವರು ನೀವು ಅಂಜಿದಂತೆ ಯಂತ್ರಕ್ಕೇ ಅಂಟಿಕೊಳ್ಳುತ್ತಾರೆ, ಇದು ನಿಜ.

ಉದ್ಯೋಗದ ಮಟ್ಟಿಗೆ ಒಂದು ಮಾತು: ‘ಭೌತಶಾಸ್ತ್ರಜ್ಞ’ ಎಂಬ ಹೆಸರಿನ ಹುದ್ದೆಯನ್ನೇ ಹುಡುಕಬೇಡಿ. ಸಿಂಕ್ರೋಟ್ರಾನ್ (ತೀವ್ರ ಕ್ಷ-ಕಿರಣ ಹೊಮ್ಮಿಸುವ ಕಣವೇಗವರ್ಧಕ) ಕೇಂದ್ರಗಳು, ಕಾಲಮಾಪನ ಪ್ರಯೋಗಾಲಯಗಳು, ಅದಿರು ಸಂಸ್ಕರಣೆ, ಸಿಮೆಂಟ್ ಉದ್ಯಮ, ಉಪಕರಣ ತಯಾರಕರು, ಇವರೆಲ್ಲ ಬೇರೆ ಬೇರೆ ಹೆಸರಿನಲ್ಲಿ ಇದೇ ಕೌಶಲವನ್ನು ಕೇಳುತ್ತಾರೆ.

ಸ್ಫಟಿಕಾಸಕ್ತ

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ಭೂವಿಜ್ಞಾನದಲ್ಲಿ ಮೊದಲು ಏನನ್ನು ಓದಬೇಕು?

ಜಿರ್ಕಾನ್

ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ತೆಳುಛೇದಗಳನ್ನು ಗುರುತಿಸುವುದನ್ನು ಮೊದಲು ಕಲಿಯಿರಿ, ಅನಂತರ ಯಾವ ಉಷ್ಣತೆ, ಒತ್ತಡದಲ್ಲಿ ಯಾವ ಖನಿಜ ಸ್ಥಿರವೆಂದು ತೋರಿಸುವ ಪ್ರಾವಸ್ಥಾ ನಕ್ಷೆಗಳನ್ನು ಓದಿ. ಇವೆರಡಕ್ಕೂ ಬೇಕಾದ ದ್ಯುತಿವಿಜ್ಞಾನ ಮತ್ತು ಉಷ್ಣಗತಿವಿಜ್ಞಾನ ನಿಮಗೆ ಈಗಾಗಲೇ ಗೊತ್ತಿರುತ್ತದೆ. ಪ್ರಬಂಧಕ್ಕೆ ವಿಷಯ ಆರಿಸುವಾಗ, ಒಂದೇ ಮಾದರಿಯನ್ನು ವಿವರ್ತನೆ ಮತ್ತು ರಾಮನ್ ರೋಹಿತ (ಚದುರಿದ ಲೇಸರ್ ಬೆಳಕಿನಿಂದ ಪರಮಾಣುಗಳ ಕಂಪನವನ್ನು ಅರಿಯುವ ವಿಧಾನ) ಎರಡರಿಂದಲೂ ಅಳೆಯಲು ಅವಕಾಶವಿರುವಂಥದ್ದನ್ನು ಕೇಳಿ ಪಡೆಯಿರಿ. ಕ್ಯಾಲ್ಸೈಟ್ ಮತ್ತು ಅರಗೊನೈಟ್ ಒಳ್ಳೆಯ ಜೋಡಿ: ರಾಸಾಯನಿಕ ಸೂತ್ರ ಒಂದೇ, ರಚನೆ ಮಾತ್ರ ಬೇರೆ.