ಘಾಟಿಯಲ್ಲಿ ಲೇಟಾದರೆ ಬಾಟಾ ಕಟ್, ಇದು ಸರೀನಾ?

ಕುಶಾಲನಗರ ಲಾರಿ: ಕುಶಾಲನಗರದಿಂದ ಮಂಗಳೂರು ಬಂದರಿಗೆ ಕಾಫಿ ಲೋಡ್ ಹೊಡೀತೀನಿ. ಬೆಳಿಗ್ಗೆ ಬಾ ಅಂತಾರೆ, ಲೋಡ್ ಆಗೋದು ಸಂಜೆ, ಆಮೇಲೆ ರಾತ್ರಿಯೇ ಸಂಪಾಜೆ ಘಾಟಿ ಇಳಿದು ಬೆಳಿಗ್ಗೆ ಅಲ್ಲಿರಬೇಕು ಅಂತ ಆಫೀಸಿನಿಂದ ಫೋನ್ ಮೇಲೆ ಫೋನ್. ಲೇಟಾದರೆ ಬಾಟಾದಲ್ಲಿ, ಅಂದರೆ ಟ್ರಿಪ್ಪಿಗೆ ಕೊಡೋ ಖರ್ಚಿನ ಭತ್ಯೆಯಲ್ಲಿ, ಕಟ್. ಇದಕ್ಕೆ ಕಾನೂನು ಏನಾದರೂ ಇದೆಯಾ?

ಹಳೇ ಸ್ಟೇರಿಂಗ್: ಇದೆ ತಮ್ಮಾ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 2025ರ ನವೆಂಬರ್‌ವರೆಗೆ ಇತ್ತು, ಈಗ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಹಳೇ ಕಾಯ್ದೆಯಲ್ಲಿ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48. ಸತತ 5 ಗಂಟೆಗಿಂತ ಜಾಸ್ತಿ ದುಡಿಸೋ ಹಾಗಿರಲಿಲ್ಲ, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕಿತ್ತು. ಒಂದು ದಿನದ ಕೆಲಸ ಮುಗಿದು ಮರುದಿನ ಶುರುವಾಗೋ ಮೊದಲು 9 ಗಂಟೆ ವಿಶ್ರಾಂತಿ ಇತ್ತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್ನೂ ಕೆಲಸದ ಗಂಟೆಗೆ ಆ ಕಾಯ್ದೆಯನ್ನೇ ತೋರಿಸುತ್ತಿತ್ತು. ಪಾಲಿಸೋರು ಎಷ್ಟು ಜನ ಅನ್ನೋದು ಬೇರೆ ಮಾತು ಬಿಡು.

ಮಡಿಕೇರಿ ಮಳೆ: ಲೋಡಿಂಗ್‌ಗೆ ಕಾದ ಸಮಯಾನ ಯಾರೂ ಲೆಕ್ಕ ಹಿಡಿಯಲ್ಲ, ಅದೇ ತಕರಾರು. ಗೇಟ್ ಒಳಗೆ ಹೋದ ಟೈಮು, ಹೊರಗೆ ಬಂದ ಟೈಮು ಎರಡನ್ನೂ ಆಫೀಸಿಗೆ ವಾಟ್ಸಾಪ್ ಮಾಡಿಬಿಡಿ ಅಣ್ಣ, ಫೋನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಮಳೆಗಾಲದಲ್ಲಿ ಭಾರಿ ವಾಹನಕ್ಕೆ ನಿರ್ಬಂಧ ಹಾಕಿದರೆ ಜಿಲ್ಲಾಧಿಕಾರಿ ಆದೇಶದ ಫೋಟೋನೂ ಕಳಿಸಿ.

ಬಿಲ್ಲು ನೋಡೋನು: ಇ-ವೇ ಬಿಲ್, ಅಂದರೆ ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಆನ್‌ಲೈನ್ ಚೀಟಿ, ಮರೀಬೇಡಿ. ಅದರ ಅವಧಿ 200 ಕಿ.ಮೀ.ಗೆ ಒಂದು ದಿನ. ಅವಧಿ ಮುಗಿಯೋ 8 ಗಂಟೆ ಮೊದಲು ಅಥವಾ ಮುಗಿದ 8 ಗಂಟೆಯೊಳಗೆ ಕಾರಣ ಹಾಕಿ ವಿಸ್ತರಿಸಬಹುದು. ಅದು ಆಫೀಸಿನವರ ಕೆಲಸ, ನಿಮ್ಮದಲ್ಲ.

ಕುಶಾಲನಗರ ಲಾರಿ: ಗೇಟ್ ಟೈಮ್ ವಿಷಯ ಹೊಳೆದೇ ಇರಲಿಲ್ಲ. ಮುಂದಿನ ಲೋಡಿಂದಲೇ ಕಳಿಸ್ತೀನಿ, ಬಾಟಾ ಕಟ್ ಮಾಡಿದರೆ ಅದನ್ನೇ ತೋರಿಸ್ತೀನಿ.