ಕರೆಂಟ್ ಬರುವ ಮೊದಲು ಹೊಸ ಮನೆಯನ್ನು ಬೆಚ್ಚಗೆ ಮಾಡುವುದು ಹೇಗೆ?

ಅರೆಮನೆ ಕೇಳಿದ್ದು:

ಮನೆ ಮುಕ್ಕಾಲು ಮುಗಿದಿದೆ. ಕಿಟಕಿ, ಬಾಗಿಲು ಕೂತಿವೆ, ಒಳಗಿನ ಪ್ಲಾಸ್ಟರ್ ಆಗಿ ಹತ್ತು ದಿನ ಆಯಿತು. ಕರೆಂಟ್ ಮಾತ್ರ ಬಂದಿಲ್ಲ, ಇನ್ನೂ ಆರು ವಾರ ಬೇಕಂತೆ. ರಾತ್ರಿ ಹೊರಗೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿರುತ್ತದೆ. ಬೆಳಗ್ಗೆ ಒಳಗೆ ಹೋದರೆ ಥರ್ಮಾಮೀಟರ್‌ನಲ್ಲಿ 3. ಗೋಡೆ ಮುಟ್ಟಿದರೆ ಕೈ ಒದ್ದೆ. ಪೇಂಟರ್ ಬಂದರು, ಅಂಗೈಯಿಂದ ಗೋಡೆ ಒರೆಸಿದರು, ಅದನ್ನು ಪ್ಯಾಂಟಿಗೆ ಒರೆಸಿಕೊಂಡು, "ಹತ್ತು ಡಿಗ್ರಿ ದಾಟಿದ ಮೇಲೆ ಫೋನ್ ಮಾಡಿ" ಎಂದು ಹೊರಟರು.

ಮನೆ 110 ಚದರ ಮೀಟರ್. ನೆಲದಡಿ ಬಿಸಿನೀರಿನ ಪೈಪ್ ಇದೆ, ಅದರ ಮೇಲೆ ಸಿಮೆಂಟ್ ಸ್ಕ್ರೀಡ್ (ಪೈಪ್ ಮುಚ್ಚುವ ಗಾರೆ ಪದರ) ಹಾಕಿ ಹನ್ನೆರಡು ದಿನ. ನನ್ನ ಹತ್ತಿರ 2 ಕಿಲೋವ್ಯಾಟ್‌ನ ಪೆಟ್ರೋಲ್ ಜನರೇಟರ್ ಇದೆ. ಅದಕ್ಕೆ ಫ್ಯಾನ್ ಹೀಟರ್ ಹಾಕಲಾ? ಅಥವಾ ಸಿಲಿಂಡರ್ ಮೇಲೆ ಕೂರಿಸುವ ಗ್ಯಾಸ್ ಹೀಟರ್ ತರಲಾ?

ಸ್ಪ್ಯಾನರ್:

ಜನರೇಟರ್‌ಗೆ ಹೀಟರ್ ಹಾಕಬೇಡಿ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯೂನಿಟ್ ಶಾಖ ಇರುತ್ತದೆ. ಸಣ್ಣ ಜನರೇಟರ್ ಅದರಲ್ಲಿ ಎರಡು ಯೂನಿಟ್ ಕರೆಂಟ್ ಕೊಟ್ಟರೆ ದೊಡ್ಡದು. ಉಳಿದದ್ದು ಸೈಲೆನ್ಸರ್‌ನಿಂದ, ಎಂಜಿನ್ ಮೈಯಿಂದ ಹೊರಗೆ ಹೋಗುತ್ತದೆ. ನೀವು ಅಂಗಳ ಬೆಚ್ಚಗೆ ಮಾಡಿದ ಹಾಗೆ ಅಷ್ಟೆ. ಆ ಶಾಖ ಉಳಿಸುತ್ತೇನೆ ಅಂತ ಅದನ್ನು ಗ್ಯಾರೇಜ್ ಒಳಗೋ ಬಾಗಿಲ ಹತ್ತಿರವೋ ಇಡಬೇಡಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಿಷಗಾಳಿ, ಅದಕ್ಕೆ ವಾಸನೆ ಇಲ್ಲ.

ಗಾರೆಪುಡಿ:

ಗ್ಯಾಸ್ ಹೀಟರ್ ತರುವ ಮೊದಲು ನನ್ನ ಕಥೆ ಕೇಳಿ. ನಾನೂ ಹೀಗೇ ಕರೆಂಟ್‌ಗೆ ಕಾದು ಕೂತಿದ್ದೆ. ಎರಡು ಗ್ಯಾಸ್ ಹೀಟರ್ ತಂದೆ, ಕಿಟಕಿ ಎಲ್ಲ ಬಿಗಿಯಾಗಿ ಮುಚ್ಚಿದೆ, ಮೂರು ರಾತ್ರಿ ಉರಿಸಿದೆ. ಮನೆ ಬೆಚ್ಚಗಾಯಿತು, ಸುಳ್ಳು ಹೇಳಲ್ಲ. ಆದರೆ ನಾಲ್ಕನೇ ಬೆಳಗ್ಗೆ ಕಿಟಕಿ ಗಾಜಿನಿಂದ ನೀರು ಇಳಿದು ಕಟ್ಟೆಯ ಮೇಲೆ ನಿಂತಿತ್ತು. ಜಿಪ್ಸಂ ಬೋರ್ಡಿನ ಸೀಲಿಂಗ್‌ನಲ್ಲಿ ಸ್ಕ್ರೂ ಇದ್ದ ಕಡೆಯೆಲ್ಲ ಸಾಲಾಗಿ ಕಂದು ಚುಕ್ಕೆ, ಒಳಗಿನ ತಲೆಗಳು ತುಕ್ಕು ಹಿಡಿದಿದ್ದವು. ಗೋಡೆಗೆ ಒರಗಿಸಿಟ್ಟಿದ್ದ ಪ್ಲೈವುಡ್ ಸರಿಸಿದರೆ ಹಿಂದೆ ಕಪ್ಪು ಬೂಷ್ಟು.

ಆಮೇಲೆ ಲೆಕ್ಕ ಹಾಕಿದೆ. ಒಂದು ಕಿಲೋ ಗ್ಯಾಸ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ. ಹತ್ತು ಕಿಲೋ ಸುಟ್ಟರೆ ಹದಿನಾರು ಲೀಟರ್ ನೀರು! ಪ್ಲಾಸ್ಟರ್‌ನಿಂದ ನೀರು ಹೊರಗೆ ಹೋಗಲಿ ಅಂತ ನಾನು ಬಕೆಟ್ ಬಕೆಟ್ ನೀರು ಒಳಗೆ ಸುರಿಯುತ್ತಿದ್ದೆ. ಹೊಗೆ ಕೊಳವೆ ಇಲ್ಲದ ಸೀಮೆಎಣ್ಣೆ ಹೀಟರ್ ಹಣೆಬರಹವೂ ಇದೇ.

ನಿಮಗೆ ಬೇಕಾದದ್ದು ಒಣ ಶಾಖ. ಅಂದರೆ ಹೊಗೆ ಹೊರಗೆ, ಬಿಸಿಗಾಳಿ ಮಾತ್ರ ಒಳಗೆ. ನನ್ನ ಕೈ ಹಿಡಿದದ್ದು ಲಾರಿ, ವ್ಯಾನ್‌ಗಳಲ್ಲಿ ಹಾಕುವ 12 ವೋಲ್ಟ್‌ನ ಡೀಸೆಲ್ ಏರ್ ಹೀಟರ್, 5 ಕಿಲೋವ್ಯಾಟ್‌ನದು. ಹೊತ್ತಿಕೊಳ್ಳುವಾಗ ಹತ್ತು ಆಂಪಿಯರ್‌ನಷ್ಟು ಎಳೆಯುತ್ತದೆ, ಅದು ಕೆಲವೇ ನಿಮಿಷ. ಆಮೇಲೆ ಎರಡು ಮೂರು ಆಂಪಿಯರ್ ಸಾಕು. 100 ಆಂಪಿಯರ್-ಅವರ್ ಬ್ಯಾಟರಿ ಒಂದು ರಾತ್ರಿ ಆರಾಮಾಗಿ ತಳ್ಳುತ್ತದೆ, ಹಗಲು ನಿಮ್ಮ ಜನರೇಟರ್‌ನಿಂದ ಚಾರ್ಜ್ ಮಾಡಿ. ಪೂರ್ತಿ ಜೋರಿನಲ್ಲಿ ಗಂಟೆಗೆ ಅರ್ಧ ಲೀಟರ್ ಆಸುಪಾಸು ಡೀಸೆಲ್. ಒಂದು ಕಿಟಕಿಯನ್ನು ಸ್ವಲ್ಪ ತೆರೆದು, ಆ ಸಂದಿಗೆ ತಗಡು ಕೂರಿಸಿ, ಅದರಲ್ಲಿ ತೂತು ಮಾಡಿ ಹೊಗೆ ಕೊಳವೆ ಹೊರಗೆ ಬಿಟ್ಟಿದ್ದೆ. ಕೊಳವೆ ಕೈ ಸುಡುವಷ್ಟು ಕಾಯುತ್ತದೆ, ಮರಕ್ಕೆ, ಪ್ಲಾಸ್ಟಿಕ್‌ಗೆ ತಾಗಬಾರದು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಇಡಲೇಬೇಕು, ಇದರಲ್ಲಿ ಚೌಕಾಸಿ ಬೇಡ.

ಹೀಟರ್ ಅರ್ಧ ಕೆಲಸ ಮಾತ್ರ. ದಿನಕ್ಕೆ ಮೂರು ಸಲ ಎದುರುಬದುರು ಕಿಟಕಿಗಳನ್ನು ಹತ್ತು ನಿಮಿಷ ಪೂರ್ತಿ ತೆಗೆಯಿರಿ. ಚಳಿಗಾಳಿ ಒಳಗೆ ಬರುತ್ತದಲ್ಲ ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಹೊರಗಿನ ಆ ಗಾಳಿಯಲ್ಲಿ ನೀರಿನಂಶ ಕಡಿಮೆ. ಒಳಗೆ ಬಂದು ಕಾದರೆ ಗೋಡೆಯ ನೀರು ಹೀರುತ್ತದೆ, ಮುಂದಿನ ಸಲ ಕಿಟಕಿ ತೆಗೆದಾಗ ಅದನ್ನು ಹೊತ್ತುಕೊಂಡು ಹೋಗುತ್ತದೆ. ಒಂದೇ ದಿನದಲ್ಲಿ 25ಕ್ಕೆ ಏರಿಸಬೇಡಿ, ಪ್ಲಾಸ್ಟರ್ ಬಿರುಕು ಬಿಡುತ್ತದೆ. 12, 15 ಸಾಕು.

ಅರೆಮನೆ:

ಹದಿನಾರು ಲೀಟರ್! ಗ್ಯಾಸ್ ಆಸೆ ಬಿಟ್ಟೆ. ಇನ್ನೊಂದು ಡೌಟು. ಗ್ಯಾಸ್ ಬಾಯ್ಲರ್ ಆಗಲೇ ಗೋಡೆಗೆ ಕೂತಿದೆ, ಗ್ಯಾಸ್ ಲೈನೂ ಬಂದಿದೆ. ಅದನ್ನೇ ಜನರೇಟರ್‌ನಿಂದ ನಡೆಸಿ ನೆಲ ಬಿಸಿ ಮಾಡಬಹುದಲ್ವಾ?

ಫೇಸ್‌ನ್ಯೂಟ್ರಲ್:

ಮಾಡಬಹುದು. ಬಾಯ್ಲರ್‌ಗೂ ಪಂಪ್‌ಗೂ ಸೇರಿ ನೂರು, ನೂರೈವತ್ತು ವ್ಯಾಟ್ ಸಾಕು. ಹೊಗೆಯೂ ತನ್ನದೇ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಆದರೆ ಒಂದು ಚೇಷ್ಟೆ ಇದೆ. ಬೆಂಕಿ ಹೊತ್ತಿದೆಯೋ ಇಲ್ಲವೋ ಎಂದು ಬಾಯ್ಲರ್ ತಿಳಿಯುವುದು ಜ್ವಾಲೆಯ ಮೂಲಕ ಅರ್ತ್‌ಗೆ ಹರಿಯುವ ಚೂರು ಕರೆಂಟ್‌ನಿಂದ. ಸಣ್ಣ ಜನರೇಟರ್‌ಗಳಲ್ಲಿ ಹೆಚ್ಚಾಗಿ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಅರ್ತ್‌ಗೆ ಸೇರಿರುವುದಿಲ್ಲ. ಆಗ ಕಣ್ಣೆದುರಿಗೇ ಬೆಂಕಿ ಹೊತ್ತುತ್ತದೆ, ಎರಡು ಮೂರು ಸೆಕೆಂಡಿಗೆ ಆರುತ್ತದೆ, ಮತ್ತೆ ಹೊತ್ತುತ್ತದೆ, ಕೊನೆಗೆ ಲಾಕ್ ಆಗುತ್ತದೆ. ಎಷ್ಟೋ ಜನ ಸುಮ್ನೆ ಬಾಯ್ಲರ್ ಬೋರ್ಡ್ ಬದಲಾಯಿಸಿ ದುಡ್ಡು ಕಳೆದಿದ್ದಾರೆ. ಜನರೇಟರ್‌ನ ನ್ಯೂಟ್ರಲ್ ಅನ್ನು ಅರ್ತ್‌ಗೆ ಸೇರಿಸಿದರೆ ಸರಿಹೋಗುತ್ತದೆ, ಆ ಜೋಡಣೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಆದರೆ ಈಗಲೇ ಬೇಡ. ಸಿಮೆಂಟ್ ಸ್ಕ್ರೀಡ್‌ಗೆ 21 ದಿನ ಆಗುವವರೆಗೆ ನೆಲಕ್ಕೆ ಬಿಸಿನೀರು ಬಿಡಬಾರದು. ಆಮೇಲೂ ಮೊದಲ ಮೂರು ದಿನ 25 ಡಿಗ್ರಿಯ ನೀರು ಮಾತ್ರ. ಅಲ್ಲಿಯವರೆಗೆ ಪೈಪ್‌ನಲ್ಲಿ ನೀರಿದ್ದರೆ ಹೆಪ್ಪುಗಟ್ಟದಂತೆ ನೋಡಿಕೊಳ್ಳಿ. ಹೀಟರ್ ಇಲ್ಲದ ರಾತ್ರಿ ಇದೆ ಅನ್ನಿಸಿದರೆ ಖಾಲಿ ಮಾಡಿ, ಕಂಪ್ರೆಸರ್‌ನಿಂದ ಊದಿಬಿಡಿ.

ಅರೆಮನೆ (ಒಂದು ವಾರದ ನಂತರ):

ಡೀಸೆಲ್ ಹೀಟರ್ ಬಾಡಿಗೆಗೆ ಸಿಕ್ಕಿತು. ಇವತ್ತು ಬೆಳಗ್ಗೆ ಒಳಗೆ 13 ಡಿಗ್ರಿ, ಗಾಳಿಯ ತೇವ ಶೇಕಡ 90ರಿಂದ 63ಕ್ಕೆ ಇಳಿದಿದೆ. ಮೊದಲ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಸತ್ತಿತ್ತು, ಹಳೆಯದನ್ನೇ ಹಾಕಿದ್ದೆ, ನನ್ನದೇ ತಪ್ಪು. ಬಚ್ಚಲಿನ ಮೂಲೆ ಬಿಟ್ಟರೆ ಗೋಡೆಗಳೆಲ್ಲ ಬೆಳ್ಳಗಾಗಿವೆ. ನೆಲಕ್ಕೆ ಇನ್ನೂ ಎರಡು ದಿನ ಕಾಯುತ್ತೇನೆ. ಈಗ ಪೇಂಟರ್ ಫೋನ್ ಎತ್ತುತ್ತಿಲ್ಲ.